ಪದಚರ್ಚೆ: ಓಡುವ ಮಕ್ಕಳಿಗೆ ಕೂಗಿ ಹೇಳಲು ಯಾವ ಕ್ರಿಯಾಪದ? ಮೊಗೆ, ಗೋರು, ಜಾಲಿಸು, ಬೀಸು

ಬಳಗದ ಎಲ್ಲರಿಗೂ ಅಂಕೋಲೆಯಿಂದ ನಮಸ್ಕಾರ.

ನಾನು ಇಲ್ಲಿನ ಕನ್ನಡ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವವಳು. ಈ ದಸರಾ ರಜೆಯಲ್ಲಿ 12ರಿಂದ 14 ವರ್ಷದ ಮಕ್ಕಳಿಗೆ ಲ್ಯಾಕ್ರೋಸ್ ಅಭ್ಯಾಸ ಶುರು ಮಾಡಿದ್ದೇವೆ. ದಿನಕ್ಕೆ 90 ನಿಮಿಷ. ಚೆಂಡನ್ನು ಕೋಲಿನ ಬಲೆಯಲ್ಲಿ ಉಳಿಸಿಕೊಳ್ಳುವುದು, ಗೋಲಿಗೆ ಕಳಿಸುವುದು, ಸದ್ಯಕ್ಕೆ ಇವೆರಡೇ ಪಾಠ. ಉಳಿದ ತಾಲ್ಲೂಕುಗಳ ಶಿಕ್ಷಕರಿಗೂ ಹಂಚಲೆಂದು ಅಭ್ಯಾಸದ ಕ್ರಮವನ್ನು ಕನ್ನಡದಲ್ಲಿ ಬರೆಯಲು ಕೂತೆ. ಮೊದಲ ಪುಟದಲ್ಲೇ ಪದಗಳು ಅಡ್ಡ ಬಂದವು.

ನನಗೆ ಬೇಕಿರುವುದು ಪದಕೋಶದ ನಾಮಪದಗಳಲ್ಲ. ಮೈದಾನದ ಆಚೆ ತುದಿಯಲ್ಲಿ ಓಡುತ್ತಿರುವ ಹುಡುಗಿಗೆ ಕೂಗಿ ಹೇಳಬಹುದಾದ ಕ್ರಿಯಾಪದ ಬೇಕು. ಎರಡೋ ಮೂರೋ ಅಕ್ಷರ ಇದ್ದರೆ ಸಾಕು. ಅದು ಕಿವಿಗೆ ಬಿದ್ದ ಕೂಡಲೇ ಅವಳ ಮಣಿಕಟ್ಟು ತಾನಾಗಿ ಸರಿಯಾದ ಕಡೆ ತಿರುಗಬೇಕು. ತಪ್ಪು ಕ್ರಿಯಾಪದ ಹೇಳಿದರೆ ಕೈಯೂ ತಪ್ಪುತ್ತದೆ, ಇದನ್ನು ಹತ್ತು ದಿನ ಕಣ್ಣಾರೆ ಕಂಡಿದ್ದೇನೆ.

ಆಟ ನೋಡದವರಿಗಾಗಿ ಒಂದೆರಡು ಮಾತು. ಇದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಹೌಡೆನೊಸೌನಿ ಜನರು ಇಂದಿಗೂ ಇದನ್ನು ಸೃಷ್ಟಿಕರ್ತ ಕೊಟ್ಟ ಆಟವೆಂದೇ ಗೌರವಿಸುತ್ತಾರೆ. ಅವರಲ್ಲಿ ಒಂದು ಪಂಗಡವಾದ ಮೊಹಾಕರ ನುಡಿಯಲ್ಲಿ ಇದರ ಹೆಸರು ‘ತೆವಾರಾಥೊನ್’. 17ನೇ ಶತಮಾನದಲ್ಲಿ ಅಲ್ಲಿಗೆ ಹೋದ ಫ್ರೆಂಚರ ಕಣ್ಣಿಗೆ ಮೊದಲು ಬಿದ್ದದ್ದು ತುದಿ ಬಾಗಿದ ಕೋಲು. ತಮ್ಮ ಭಾಷೆಯಲ್ಲಿ ಅಂಥ ಕೋಲಿಗಿದ್ದ ‘ಕ್ರಾಸ್’ ಎಂಬ ಹೆಸರನ್ನೇ ಆಟಕ್ಕೂ ಇಟ್ಟರು, ಅದೇ ಉಳಿಯಿತು. 1904 ಮತ್ತು 1908ರ ಒಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಆಡಿದ್ದರು. 2023ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆ ಸೇರಿದ್ದು ನಮ್ಮ ಮುಂಬೈಯಲ್ಲೇ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ಟಿನ ಜೊತೆಗೆ, ತಂಡಕ್ಕೆ ಆರು ಮಂದಿ ಆಡುವ ಲ್ಯಾಕ್ರೋಸ್‌ ಕೂಡ ಸೇರಿದ್ದು ಆ ಸಭೆಯಲ್ಲಿ.

ಕೋಲಿನ ಹೆಸರಿನ ಬಗ್ಗೆ ನನಗೆ ಹೆಚ್ಚು ಗೊಂದಲ ಇಲ್ಲ. ಮೊದಲ ದಿನ ಚೀಲದಿಂದ ಹೊರತೆಗೆದ ಕೂಡಲೇ ಮಕ್ಕಳು ‘ದೋಟಿ’ ಅಂದರು. ಅಂಕೋಲೆ ಕರಿ ಇಶಾಡ ಮಾವಿನ ಊರು. ಹಣ್ಣು ನೆಲಕ್ಕೆ ಬಿದ್ದು ಜಜ್ಜಿಹೋಗದಂತೆ ತುದಿಗೆ ಬಲೆ ಕಟ್ಟಿದ ದೋಟಿಯಲ್ಲಿ ಕೊಯ್ಯುವುದನ್ನು ಅವರು ಪ್ರತಿ ಬೇಸಿಗೆಯಲ್ಲಿ ನೋಡುತ್ತಾರೆ. ಕೊಂಕಣದ ಮರಾಠಿಯಲ್ಲಿ ಇದೇ ಸಾಧನಕ್ಕೆ ‘ಝೇಲಾ’ ಎನ್ನುತ್ತಾರೆ. ಮರಾಠಿಯಲ್ಲಿ ಕ್ರಿಕೆಟ್ಟಿನ ಕ್ಯಾಚು ಕೂಡ ‘ಝೇಲ್’. ಹಣ್ಣು ಹಿಡಿಯುವುದಕ್ಕೂ ಚೆಂಡು ಹಿಡಿಯುವುದಕ್ಕೂ ಅವರಲ್ಲಿ ಒಂದೇ ಧಾತು ಇದೆ. ನಾನು ‘ದೋಟಿ’ಯನ್ನೇ ಇಟ್ಟುಕೊಂಡಿದ್ದೇನೆ. ಆಟದ ಗಿಡ್ಡ ಕೋಲು 40ರಿಂದ 42 ಇಂಚು ಅಷ್ಟೇ, ಮಾವಿನ ದೋಟಿಯಷ್ಟು ಉದ್ದವಿಲ್ಲ. ಮಕ್ಕಳಿಗೆ ಅದೊಂದು ತೊಡಕೆನಿಸಲಿಲ್ಲ.

ನಿಜವಾದ ತೊಡಕು ನೆಲದ ಮೇಲಿನ ಚೆಂಡಿನಿಂದ ಶುರುವಾಯಿತು. ಬಿದ್ದ ಚೆಂಡನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಓಡುತ್ತ ಬಂದು, ಮೊಣಕಾಲು ಬಗ್ಗಿಸಿ, ಕೋಲಿನ ಹಿಂಬದಿಯ ಕೈಯನ್ನೂ ನೆಲದ ಹತ್ತಿರಕ್ಕೆ ಇಳಿಸಿ, ಬಲೆಯ ಅಂಚನ್ನು ಚೆಂಡಿನ ಅಡಿಗೆ ತೂರಿಸಿ, ನಿಲ್ಲದೆ ಮುಂದೆ ಓಡಬೇಕು. ಮೊದಲ ದಿನ ನಾನು ‘ಹೆಕ್ಕು’ ಅಂದೆ. ನಮ್ಮ ಕಡೆ ಬಿದ್ದ ಅಡಿಕೆಯನ್ನು, ಗೇರುಬೀಜವನ್ನು ಹೆಕ್ಕುವುದೇ ಹೊರತು ಆರಿಸುವುದಿಲ್ಲ. ಮಕ್ಕಳು ಹೆಕ್ಕುವವರ ಹಾಗೆಯೇ ಬಂದು ಚೆಂಡಿನ ಮುಂದೆ ನಿಂತುಬಿಟ್ಟರು. ಹೆಕ್ಕುವವರು ನಿಲ್ಲಲೇಬೇಕಲ್ಲ, ಆ ಪದದೊಳಗೆ ಓಟವಿಲ್ಲ.

ಮರುದಿನ ‘ಗೋರು’ ಅಂದೆ. ನನಗೆ ಪ್ರಿಯವಾದ ಪದ. ಅಂಗಳದಲ್ಲಿ ಹರವಿದ ಅಡಿಕೆಯನ್ನು ಸಂಜೆ ಗೋರುಮಣೆಯಿಂದ ರಾಶಿ ಮಾಡುವುದು ಘಟ್ಟದ ಬುಡದ ಮನೆಗಳಲ್ಲಿ, ಮೇಲೆ ಸಿರ್ಸಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅಚವೆ ಕಡೆಯಿಂದ ಬರುವ ಮಕ್ಕಳು ಕೂಡಲೇ ಬಗ್ಗಿದರು, ಕೋಲು ನೆಲಕ್ಕೆ ತಾಗಿತು, ನನಗೆ ಖುಷಿಯಾಯಿತು. ಆದರೆ ಅವರು ಬಲೆಯನ್ನು ಚೆಂಡಿನ ಮೇಲಿಟ್ಟು ತಮ್ಮ ಕಡೆಗೆ ಎಳೆದುಕೊಂಡರು. ಗೋರುವುದು ಎಂದರೆ ತನ್ನತ್ತ ಎಳೆಯುವುದೇ. ಲ್ಯಾಕ್ರೋಸ್‌ನಲ್ಲಿ ಓಡುವ ಆಟಗಾರ ಹೀಗೆ ಹಿಂದಕ್ಕೆ ಎಳೆದುಕೊಳ್ಳುವುದು ದೊಡ್ಡ ತಪ್ಪು. ಆ ಕ್ಷಣ ಅವನ ಓಟ ನಿಲ್ಲುತ್ತದೆ, ಎದುರಾಳಿ ಮೈಮೇಲೆ ಬಂದಿರುತ್ತಾನೆ. ‘ಬಾಚು’ ಪದಕ್ಕೂ ಇದೇ ದೋಷವಿದೆ.

ಮೂರನೆಯದಾಗಿ ‘ಮೊಗೆ’ ಅಂದೆ. ಆಗ ಕಂಡದ್ದೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು. ತೋಟದ ಕಡೆಯ ಮಕ್ಕಳು ಹಂಡೆಯಿಂದ ನೀರು ಮೊಗೆಯುವ ಹಾಗೆ ಕೋಲನ್ನು ಮೇಲಿಂದ ಕೆಳಕ್ಕೆ ಕುಕ್ಕಿದರು, ಚೆಂಡು ಸಿಡಿದು ದೂರ ಹೋಯಿತು. ಬೇಲೆಕೇರಿ ಕಡೆಯ ಮೀನುಗಾರರ ಮನೆಯ ಮಕ್ಕಳು ಹಾಗೆ ಮಾಡಲಿಲ್ಲ. ಅವರ ಕೈ ನೆಲಕ್ಕೆ ಸಮನಾಗಿ, ಉದ್ದಕ್ಕೆ, ಮುಂದಕ್ಕೆ ಜಾರಿತು. ನಾಲ್ಕರಲ್ಲಿ ಮೂರು ಸಲ ಚೆಂಡು ಬಲೆಗೆ ಬಂತು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಒಬ್ಬ ಹುಡುಗ, “ದೋಣಿ ನೀರು ಮೊಗೂದು ಹಿಂಗೇ ಅಲ್ವಾ ಅಕ್ಕೋರೆ” ಅಂದ. ದೋಣಿಯ ತಳದಲ್ಲಿ ನಿಂತ ನೀರು ನಾಲ್ಕು ಬೆರಳಷ್ಟಿರುತ್ತದೆ. ಪಾತ್ರೆಯನ್ನು ಕುಕ್ಕಿದರೆ ಹಲಗೆಗೆ ಬಡಿಯುತ್ತದೆ. ಹಲಗೆಗೆ ತಾಗಿಸಿಕೊಂಡೇ ಮುಂದಕ್ಕೆ ಸರಿಸಬೇಕು. ಒಂದೇ ಊರಿನ ಒಂದೇ ಪದ, ಹಂಡೆಯ ಮನೆಯಲ್ಲಿ ಒಂದು ಕೈ, ದೋಣಿಯ ಮನೆಯಲ್ಲಿ ಇನ್ನೊಂದು ಕೈ. ನಿಘಂಟಿನಲ್ಲಿ ಎರಡಕ್ಕೂ ಅರ್ಥ ಒಂದೇ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ನೆಲಕ್ಕೆ ತಾಗಿಕೊಂಡು, ತನ್ನಿಂದ ಮುಂದಕ್ಕೆ ದೂಡುತ್ತ, ಅದೇ ಓಘದಲ್ಲಿ ಮೇಲಕ್ಕೆತ್ತುವ ಕೆಲಸಕ್ಕೆ ನಿಮ್ಮ ಊರಲ್ಲಿ ಬೇರೆ ಪದವಿದೆಯೇ? ಗದ್ದೆಯ ಕೆಲಸದಲ್ಲೋ, ಉಪ್ಪಿನ ಆಗರದಲ್ಲೋ, ಗಾಣದ ಮನೆಯಲ್ಲೋ ಇದ್ದೀತು ಅನಿಸುತ್ತದೆ. ಸಾಣಿಕಟ್ಟೆಯ ಉಪ್ಪಿನ ಆಗರಗಳ ಹತ್ತಿರ ಬೆಳೆದವರು ಯಾರಾದರೂ ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ.

ಚೆಂಡು ಬಲೆಗೆ ಬಂದ ಮೇಲೆ ಅದನ್ನು ಬೀಳದಂತೆ ಹೊತ್ತು ಓಡಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ತೊಟ್ಟಿಲಿನ ಹೆಸರೇ ಇದೆ, ಅದನ್ನು ನೋಡಿ ನಾನೂ ‘ತೂಗು’ ಅಂದೆ. ತೊಟ್ಟಿಲು ಹಗ್ಗಕ್ಕೆ ತೂಗುಬಿದ್ದಿರುತ್ತದೆ, ನಾವು ದೂಡಿದರೆ ಸಾಕು, ತಾನಾಗಿ ಹೋಗಿ ಬರುತ್ತದೆ. ಮಕ್ಕಳು ಇಡೀ ತೋಳನ್ನೇ ಆ ಕಡೆ ಈ ಕಡೆ ಬೀಸಾಡಿದರು. ಬೀಸಿದ ಕೋಲು ತಿರುಗುವ ತುದಿಯಲ್ಲಿ ಚೆಂಡು ಮಾತ್ರ ನೇರ ಮುಂದಕ್ಕೆ ಹಾರಿಹೋಯಿತು. ಇಲ್ಲಿ ಕೆಲಸ ಮಾಡಬೇಕಾದ್ದು ಮೇಲಿನ ಕೈಯ ಮಣಿಕಟ್ಟು. ಕೆಳಗಿನ ಕೈ ಸಡಿಲವಾಗಿ ಹಿಡಿದು ಕೋಲು ತಿರುಗಲು ಬಿಡುತ್ತದೆ. ಮಣಿಕಟ್ಟು ಒಳಕ್ಕೆ ಸುರುಳಿ ಸುತ್ತಿದಂತೆ ಬಾಗಿ ಬಿಚ್ಚಿಕೊಂಡಾಗ ಬಲೆ ಕಮಾನಿನ ದಾರಿಯಲ್ಲಿ ಚಲಿಸುತ್ತದೆ, ನೀರಿನ ಕೊಡವನ್ನು ಸುತ್ತ ತಿರುಗಿಸಿದರೂ ನೀರು ಚೆಲ್ಲದ ಹಾಗೆ ಚೆಂಡು ಬಲೆಗೇ ಒತ್ತಿಕೊಂಡಿರುತ್ತದೆ.

ಏಳನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಸಲ ಚೆಂಡು ಬೀಳಿಸಿ, ಐದನೇ ಸಲ ಅಂಗಳದ ತುದಿಯವರೆಗೂ ಓಡಿ ತಿರುಗಿ ಬಂದಳು. “ಅಕ್ಕೋರೆ, ಇದು ಅಕ್ಕಿ ಜಾಲ್ಸಿದ ಹಂಗೇ” ಅಂದಳು. ಅಕ್ಕಿಯನ್ನು ನೀರಿನಲ್ಲಿ ಜಾಲಿಸುವಾಗ ತೋಳು ಅಲ್ಲಾಡುವುದಿಲ್ಲ, ಮಣಿಕಟ್ಟು ಮಾತ್ರ ತಿರುಗುತ್ತದೆ. ಕಲ್ಲು ತಳದಲ್ಲಿ ಕೂರುತ್ತದೆ, ಅಕ್ಕಿ ಹೊರಗೆ ಚೆಲ್ಲುವುದಿಲ್ಲ. ನಾನು ಆವತ್ತಿನಿಂದ ‘ಜಾಲಿಸು’ ಎಂದು ಕೂಗುತ್ತಿದ್ದೇನೆ. ಹುಡುಗರಲ್ಲಿ ಕೆಲವರು ಅಕ್ಕಿ ಜಾಲಿಸಿದವರೇ ಅಲ್ಲ. ಅವರಿಗೆ ಒಂದು ಸಂಜೆ ಮನೆಯಲ್ಲಿ ಜಾಲಿಸಿ ಬರಲು ಹೇಳಿದೆ, ಬಂದರು, ಕೈ ತಿದ್ದಿಕೊಂಡಿತು. ನಮ್ಮಲ್ಲಿ ಹೆಲ್ಮೆಟ್ಟುಗಳು ಸಾಲದ್ದರಿಂದ ಸದ್ಯ ಟೆನಿಸ್ ಚೆಂಡಿನಲ್ಲೇ ಆಡಿಸುತ್ತಿದ್ದೇನೆ. ಅದು 58 ಗ್ರಾಂ ಆಸುಪಾಸು. ಆಟದ ಗಟ್ಟಿ ರಬ್ಬರ್ ಚೆಂಡು 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ತುಸು ಹಗುರ ಅಷ್ಟೇ. ಹಗುರ ಚೆಂಡು ಬಲೆಯಲ್ಲಿ ಕೂತದ್ದು ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಈಗ ಮಣಿಕಟ್ಟಿನ ಪಾಠ ಇನ್ನಷ್ಟು ಮುಖ್ಯ.

ನನ್ನ ಸಂಶಯ ಇದು: ‘ಜಾಲಿಸು’ ಪದದ ತಿರುಳು ‘ಬೇರ್ಪಡಿಸು’, ‘ತೊಳೆದು ತೆಗೆ’ ಎಂದು. ಚೆಂಡನ್ನು ಜಾಲಿಸುವುದರಲ್ಲಿ ಬೇರ್ಪಡಿಸುವುದು ಏನೂ ಇಲ್ಲ, ಚಲನೆ ಮಾತ್ರ ಇದೆ. ಅರ್ಥವನ್ನು ಹೀಗೆ ಕೈಯ ಚಲನೆಗಷ್ಟೇ ಇಳಿಸಿ ಬರಹದಲ್ಲಿ ಬಳಸಿದರೆ ಬಯಲುಸೀಮೆಯ ಓದುಗರಿಗೆ ಒಪ್ಪಿಗೆಯಾದೀತೇ?

ಹಿಡಿಯುವುದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಹಿಡಿ’ ಅಂದರೆ ಮಕ್ಕಳು ಚೆಂಡಿನ ಕಡೆಗೆ ಕೋಲು ನೂಕುತ್ತಾರೆ, ಚೆಂಡು ಪುಟಿದು ಹೊರಬೀಳುತ್ತದೆ. ‘ಆತುಕೋ’ ಅಂದರೆ ಕೋಲು ಚೆಂಡಿನೊಡನೆ ಹಿಂದಕ್ಕೆ ಬರುತ್ತದೆ, ಬೀಳುವ ಹಣ್ಣಿಗೆ ಸೆರಗೊಡ್ಡಿದ ಹಾಗೆ. ಗೋಡೆಗೆ ಎಸೆದು ತಿರುಗಿ ಆತುಕೊಳ್ಳುವ ಆಟವೇ ದಿನದ ಮೊದಲ 15 ನಿಮಿಷ. ಈ ಪದವನ್ನು ನಾನು ಬಿಟ್ಟುಕೊಡುವುದಿಲ್ಲ.

ಇನ್ನು ಗೋಲಿಗೆ ಕಳಿಸುವುದು. ಗೋಲು 6 ಅಡಿ ಚೌಕ. ಅಡಿಕೆ ದಬ್ಬೆ ಕಟ್ಟಿ, ಹರಿದ ಮೀನುಬಲೆ ಇಳಿಬಿಟ್ಟು, ನಾಲ್ಕು ಮೂಲೆಗೆ ಡಬ್ಬಿ ತೂಗುಹಾಕಿದ್ದೇವೆ. ‘ಹೊಡೆ’ ಅಂದರೆ ಕೋಲನ್ನು ಬ್ಯಾಟಿನ ಹಾಗೆ ಆಡಿಸುತ್ತಾರೆ. ‘ಎಸೆ’ ಅಂದರೆ ಮೇಲಿನ ತೋಳು ಮಾತ್ರ ಕೆಲಸ ಮಾಡುತ್ತದೆ, ಸೊಂಟ ಹಾಗೇ ಉಳಿಯುತ್ತದೆ. ‘ಬೀಸು’ ಅಂದಾಗ ಕಡಲ ಮಕ್ಕಳು ಬೀಸುಬಲೆ ಹಾಕುವವರಂತೆ ಪಕ್ಕಕ್ಕೆ ನಿಂತು, ಕಾಲು ಮುಂದಿಟ್ಟು, ಸೊಂಟದಿಂದ ತಿರುಗಿ ಬಿಟ್ಟರು. ಇಡೀ ಮೈ ಕೋಲಿನ ಹಿಂದೆ ಬಂತು, ನನಗೆ ಬೇಕಾದದ್ದೂ ಅದೇ. ತೋಟದ ಮಕ್ಕಳಿಗೆ ‘ಬೀಸು’ ಎಂದರೆ ಬೀಸುವ ಕಲ್ಲು ನೆನಪಾಗುತ್ತದೆ. ಅವರಿಗೆ ‘ಕವಣೆ’ ಎಂದು ಹೇಳಿಕೊಟ್ಟೆ. ಬಲೆಯೊಳಗೆ ಕೂತ ಚೆಂಡು ಬೀಸಿದ ವೇಗದಿಂದಲೇ ಬಿಡುಗಡೆಯಾಗಿ ಹೋಗುವ ಈ ಆಟಕ್ಕೆ ಕವಣೆಗಿಂತ ಹತ್ತಿರದ ನೆಂಟ ನಮ್ಮಲ್ಲಿ ಇಲ್ಲ. ಆದರೆ ‘ಕವಣೆ’ ನಾಮಪದ, ಕೂಗಿ ಹೇಳುವಾಗ ಕ್ರಿಯಾಪದವಾಗಬೇಕು. ‘ಕವಣಿಸು’ ಎಂದು ಕಟ್ಟಿದರೆ ಕಿವಿಗೆ ಒರಟಾಗುತ್ತದೆಯೇ?

ಇದರ ಜೊತೆಗೆ, ಗೋಲಿನತ್ತ ಬಿಟ್ಟ ಚೆಂಡನ್ನು ಹೆಸರಿಸಲು ಬರಹದಲ್ಲಿ ‘ಎಸುಗೆ’ ಬಳಸಬೇಕೆಂಬ ಆಸೆ ನನ್ನದು. ಹಳಗನ್ನಡದಲ್ಲಿ ಬಾಣ ಬಿಡುವುದಕ್ಕೆ ‘ಎಸು’, ‘ಬಿಟ್ಟನು’ ಎನ್ನಲು ‘ಎಚ್ಚನು’ ಎನ್ನುತ್ತಿದ್ದರು, ಬಿಡುವ ಬಗೆ ‘ಎಸುಗೆ’. ಗುರಿಯಿಟ್ಟು ಬಿಟ್ಟದ್ದು ಎಂಬ ಭಾವ ಅದರಲ್ಲಿ ಇದೆ, ‘ಎಸೆತ’ದಲ್ಲಿ ಅದಿಲ್ಲ. ಗೋಲಿನ ಮುಂದೆ ನೆಲಕ್ಕೆ ಬಡಿದು ಮೇಲೇಳುವಂತೆ ಬಿಡುವುದು ‘ಪುಟಿಯೆಸುಗೆ’ ಆದೀತು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒಂದು ದಿನ ಆಡಿಸಿ ನೋಡಿದೆ, ಮರಳಿನಲ್ಲಿ ಚೆಂಡು ಪುಟಿಯುವುದೇ ಇಲ್ಲ. ಅದಕ್ಕೆ ಚಿರೆಕಲ್ಲಿನ ಗಟ್ಟಿ ಮೈದಾನವೇ ಬೇಕು.

ಕೊನೆಯದು, ಪಾಠದ ತಲೆಬರಹ. ‘ಚೆಂಡಿನ ನಿಯಂತ್ರಣ’ ಎಂದು ಒಬ್ಬ ಹಿರಿಯ ಸಹೋದ್ಯೋಗಿ ಸೂಚಿಸಿದರು. ನನಗೆ ಅದು ಮಲೇರಿಯಾ ನಿಯಂತ್ರಣದ ಭಿತ್ತಿಪತ್ರದ ಹಾಗೆ ಕೇಳುತ್ತದೆ. ‘ಚೆಂಡಿನ ಹತೋಟಿ’ ಎಂದು ಬರೆದಿದ್ದೇನೆ. ನಮ್ಮಲ್ಲಿ ಹತೋಟಿ ಎಂದರೆ ಅಂಕೆ, ಹಿಡಿತ. ಮರಾಠಿಯ ‘ಹಾತೋಟಿ’ ಎಂದರೆ ಕೈಚಳಕ, ಕಲಿತು ಒಲಿದ ಕುಶಲತೆ. ಎರಡು ನುಡಿ ಬೆರೆತಿರುವ ನಮ್ಮ ಗಡಿಯ ಕಿವಿಗೆ ಆ ಒಂದೇ ಪದದಲ್ಲಿ ಎರಡೂ ಕೇಳಿಸುತ್ತವೆ, ಈ ಆಟಕ್ಕೂ ಎರಡೂ ಬೇಕು.

‘ಆತುಕೋ’, ‘ಹತೋಟಿ’, ‘ದೋಟಿ’ ಇವನ್ನು ಶಾಯಿಯಲ್ಲಿ ಬರೆದಿದ್ದೇನೆ. ‘ಮೊಗೆ’, ‘ಜಾಲಿಸು’, ‘ಕವಣಿಸು’, ‘ಎಸುಗೆ’ ಸದ್ಯ ಪೆನ್ಸಿಲಿನಲ್ಲಿವೆ. ಹಾಳೆ ಅಚ್ಚಿಗೆ ಹೋಗುವುದು ದೀಪಾವಳಿ ಕಳೆದ ಮರುವಾರ. ಅಷ್ಟರೊಳಗೆ ಬಲ್ಲವರು ಬರೆಯಿರಿ. ಪದದ ಜೊತೆಗೆ, ಅದನ್ನು ಹೇಳುವಾಗ ನಿಮ್ಮ ಊರಲ್ಲಿ ಕೈ ಹೇಗೆ ಆಡುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.