ಉಡಾವಣೆಗೆ ಮುನ್ನ ದೋಷ: ‘ಕಾಣಿಸಿಕೊಂಡಿತು’ ಎನ್ನಬೇಕೋ, ‘ಹಿಡಿದರು’ ಎನ್ನಬೇಕೋ?

ರಾಕೆಟ್ ಹಾರುವ ಮೊದಲೇ ಅದರಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಾಗಿ ಎಣಿಕೆ (ಕೌಂಟ್‌ಡೌನ್) ನಿಲ್ಲಿಸಿದಾಗ ನಮ್ಮ ಪತ್ರಿಕೆ, ಟೀವಿಗಳಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ ಬರುತ್ತದೆ: ‘ತಾಂತ್ರಿಕ ದೋಷ ಕಾಣಿಸಿಕೊಂಡ ಹಿನ್ನೆಲೆಯಲ್ಲಿ ಉಡಾವಣೆ ರದ್ದು.’ ಈ ವಾಕ್ಯದಲ್ಲಿನ ‘ದೋಷ’, ‘ಕಾಣಿಸಿಕೊಳ್ಳು’, ‘ರದ್ದು’ ಮೂರರ ಬಗ್ಗೆಯೂ ಪದ ಬಲ್ಲವರನ್ನು ಕೇಳಬೇಕಿದೆ. ನಾನು ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವನು. ಈ ವಾಕ್ಯ ಓದಿದ ಮಕ್ಕಳು ಕೇಳುವುದು ಒಂದೇ: ‘ಹಂಗಂದ್ರ ಫೇಲ್ ಆತೇನ್ರಿ ಸರ್?’ ಅವರು ಓದಿದ್ದರಲ್ಲಿ ತಪ್ಪಿಲ್ಲ. ವಾಕ್ಯ ಹೇಳುತ್ತಿರುವುದೇ ಅದನ್ನು.

ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2019ರ ಜುಲೈ 15ರ ನಸುಕಿನ 2.51ಕ್ಕೆ ಚಂದ್ರಯಾನ-2 ಹಾರಬೇಕಿತ್ತು. 56 ನಿಮಿಷ 24 ಸೆಕೆಂಡ್ ಬಾಕಿ ಇರುವಾಗ ಶ್ರೀಹರಿಕೋಟಾದಲ್ಲಿ ಎಣಿಕೆ ನಿಂತಿತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ನೋಡಲು ಬಂದಿದ್ದರು, ಆದರೂ ನಿಲ್ಲಿಸಿದರು. ಉಡಾವಣಾ ವಾಹನದ, ಅಂದರೆ ರಾಕೆಟ್ಟಿನ, ವ್ಯವಸ್ಥೆಯಲ್ಲಿ ಕಂಡ ‘ಟೆಕ್ನಿಕಲ್ ಸ್ನ್ಯಾಗ್’ ಅದಕ್ಕೆ ಕಾರಣ ಎಂದು ಇಸ್ರೋ ಹೇಳಿತು. ಸರಿಪಡಿಸಿ, ಜುಲೈ 22ರ ಮಧ್ಯಾಹ್ನ 2.43ಕ್ಕೆ ಹಾರಿಸಿದರು. ಇನ್ನೊಂದು 2021ರ ಆಗಸ್ಟ್ 12ರದು. ಜಿಎಸ್‌ಎಲ್‌ವಿ-ಎಫ್10 ರಾಕೆಟ್ ಬೆಳಗಿನ ಜಾವ ಸರಿಯಾಗಿಯೇ ಮೇಲೆದ್ದಿತು. ಮೊದಲೆರಡು ಹಂತಗಳು ಕೆಲಸ ಮಾಡಿದವು, ಮೂರನೆಯ ಕ್ರಯೋಜೆನಿಕ್ (ಅತಿ ತಣ್ಣನೆಯ ದ್ರವ ಇಂಧನದ) ಹಂತ ಹೊತ್ತಿಕೊಳ್ಳಲೇ ಇಲ್ಲ. ಇಒಎಸ್-03 ಉಪಗ್ರಹ ಹೋಯಿತು. ಇಸ್ರೋ ಇದಕ್ಕೆ ‘ಟೆಕ್ನಿಕಲ್ ಅನಾಮಲಿ’ ಎಂದಿತು. ಕನ್ನಡದಲ್ಲಿ ಎರಡಕ್ಕೂ ನಾವು ಬರೆದದ್ದು ‘ತಾಂತ್ರಿಕ ದೋಷ’. ಒಂದು ಕಡೆ ದೋಷ ಜನರ ಕೈಗೆ ಸಿಕ್ಕಿತು, ಇನ್ನೊಂದು ಕಡೆ ಉಪಗ್ರಹವೇ ಕೈಬಿಟ್ಟು ಹೋಯಿತು. ಇಷ್ಟು ದೂರದ ಎರಡು ಸಂಗತಿಗಳಿಗೆ ಒಂದೇ ಮಾತು ಸಾಲದು ಎಂದು ನನ್ನ ಖಚಿತ ಅನಿಸಿಕೆ.

ಮೊದಲು ಕ್ರಿಯಾಪದ ನೋಡೋಣ, ನನಗೆ ಹೆಚ್ಚು ಚುಚ್ಚುವುದು ಅದೇ. ‘ಕಾಣಿಸಿಕೊಳ್ಳು’ ಎನ್ನುವಲ್ಲಿ ಕೆಲಸ ಮಾಡುವುದು ದೋಷವೇ. ಜ್ವರ ಕಾಣಿಸಿಕೊಳ್ಳುತ್ತದೆ, ಚಿರತೆ ಕಾಣಿಸಿಕೊಳ್ಳುತ್ತದೆ, ಹೊಲದಲ್ಲಿ ಕಾಯಿಕೊರಕ ಕಾಣಿಸಿಕೊಳ್ಳುತ್ತದೆ. ಅದಾಗಿಯೇ ಬಂತು, ನಮ್ಮ ಕಣ್ಣಿಗೆ ಬಿತ್ತು ಎಂಬ ಧ್ವನಿ. ಉಡಾವಣೆಗೆ ಮುಂಚಿನ ಗಂಟೆಗಳಲ್ಲಿ ನಡೆಯುವುದು ಇದಕ್ಕೆ ಪೂರಾ ಉಲ್ಟಾ. ಒತ್ತಡ, ಉಷ್ಣತೆ, ಕವಾಟಗಳ ಸ್ಥಿತಿ, ವಿದ್ಯುತ್ ಎಲ್ಲವನ್ನೂ ಸಂವೇದಕಗಳು ಬಿಡದೆ ಕಳಿಸುತ್ತಿರುತ್ತವೆ. ಯಾವ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಆ ಗಡಿ ದಾಟಿತೇನು ಎಂದು ಜನ ಕೂತು ಕಾಯುತ್ತಿರುತ್ತಾರೆ. ಅದು ಹುಡುಕಾಟ. ಹುಡುಕಿ ಸಿಕ್ಕಿದ್ದನ್ನು ‘ಕಾಣಿಸಿಕೊಂಡಿತು’ ಎಂದರೆ ಹುಡುಕಿದವರು ವಾಕ್ಯದಿಂದಲೇ ಕಾಣೆಯಾಗುತ್ತಾರೆ.

ನಮ್ಮ ಸೀಮೆಯ ಮಾತು ಈ ವಿಷಯದಲ್ಲಿ ಪತ್ರಿಕೆಯ ಭಾಷೆಗಿಂತ ಚುರುಕಾಗಿದೆ. ಸಿಂಧನೂರು, ಕಾರಟಗಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಕೇಳಿ: ‘ಮಿಷನ್ ಬಂದ್ ಬಿತ್ತು’ ಅಂದರೆ ಅದೇ ನಿಂತಿತು ಎಂದರ್ಥ, ‘ಮಿಷನ್ ಬಂದ್ ಮಾಡೀವಿ’ ಅಂದರೆ ನಾವು ನಿಲ್ಲಿಸಿದೆವು ಎಂದರ್ಥ. ಬೇರಿಂಗಿನ ಆವಾಜ್ ಬದಲಾದದ್ದು ಕೇಳಿ ಬಂದ್ ಮಾಡುವವನೇ ಜಾಣ ಆಪರೇಟರ್. ಲೈನ್‌ಮನ್‌ಗಳೂ ಹಾಗೆಯೇ, ‘ಫಾಲ್ಟ್ ಹುಡುಕಾಕತ್ತೀವಿ’, ‘ಫಾಲ್ಟ್ ಸಿಕ್ತು’ ಅನ್ನುತ್ತಾರೆ. ಅವರ ಬಾಯಲ್ಲಿ ಫಾಲ್ಟ್ ತಾನಾಗಿ ಕಾಣಿಸಿಕೊಂಡದ್ದನ್ನು ನಾನು ಕೇಳಿಲ್ಲ. ಕನ್ನಡದಲ್ಲಿ ‘ತಪ್ಪು ಹಿಡಿ’ ಎಂಬ ಬಳಕೆ ಇದ್ದೇ ಇದೆ. ಅದೇ ದಾರಿಯಲ್ಲಿ ‘ಉಡಾವಣೆಗೆ ಮುನ್ನವೇ ದೋಷ ಹಿಡಿದರು’ ಎಂದು ಬರೆದರೆ ಏನು ಅಡ್ಡಿ? ‘ಪತ್ತೆಹಚ್ಚಿದರು’ ಕೂಡ ಆದೀತು, ಸ್ವಲ್ಪ ಪೊಲೀಸ್ ವಾಸನೆ ಇದ್ದರೂ.

ಇದಕ್ಕೆ ಒಂದು ನ್ಯಾಯವಾದ ಎದುರುಮಾತಿದೆ, ಅದನ್ನೂ ಇಡುತ್ತೇನೆ. ಕೆಲವು ದೋಷಗಳು ಕೊನೆಯ ಗಂಟೆಗಳವರೆಗೆ ಇರುವುದೇ ಇಲ್ಲ, ಅಥವಾ ಇದ್ದರೂ ಹೊರಬೀಳುವುದಿಲ್ಲ. ರಾಕೆಟ್ಟಿಗೆ ತುಂಬುವ ದ್ರವ ಜಲಜನಕ ಸೊನ್ನೆಗಿಂತ 253 ಡಿಗ್ರಿ ಕೆಳಗೆ, ದ್ರವ ಆಮ್ಲಜನಕ 183 ಡಿಗ್ರಿ ಕೆಳಗೆ ಇರುತ್ತದೆ. ಅವನ್ನು ತುಂಬಿದಾಗ ಲೋಹವೂ ಮುಚ್ಚುಸೀಲುಗಳೂ ಕುಗ್ಗುತ್ತವೆ, ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಒಣ ಟ್ಯಾಂಕಿನಲ್ಲಿ ಭದ್ರವಾಗಿದ್ದ ಜೋಡಣೆ ಆ ಚಳಿಯಲ್ಲಿ ಸೋರಬಹುದು. ಆಗ ‘ಕಾಣಿಸಿಕೊಂಡಿತು’ ಎಂದರೆ ತಪ್ಪಾಗದು. ಹಾಗಿದ್ದರೂ ಅದನ್ನು ಕಂಡವರೊಬ್ಬರು ಇರಲೇಬೇಕಲ್ಲ? ‘ಕಾಣಿಸಿಕೊಂಡ ಸೋರಿಕೆಯನ್ನು ಹಿಡಿದು’ ಎಂದು ಎರಡನ್ನೂ ಕೂಡಿಸಬಹುದು.

ಇನ್ನು ‘ದೋಷ’. ಇದು ಹಳೆಯ, ತೂಕದ ಪದ. ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಹೆಸರಿಸಿದ ಗ್ರಂಥವೂ ಅದೇ. ಒಂಬತ್ತನೆಯ ಶತಮಾನದಲ್ಲೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂದು ಬಿಡಿಸಿ ನೋಡುವ ಕೆಲಸ ಕನ್ನಡದಲ್ಲಿ ನಡೆದಿತ್ತು ಎಂಬುದು ನನಗೆ ಹೆಮ್ಮೆಯ ಸಂಗತಿ. ಈಗ ನಾವು ಬಿಡಿಸಬೇಕಾದದ್ದೂ ಅದನ್ನೇ. ಜನರ ಬಾಯಲ್ಲಿ ದೋಷ ಎಂದರೆ ಸರ್ಪದೋಷ, ಕುಜದೋಷ, ದೃಷ್ಟಿದೋಷ ಎಂದಾಗಿದೆ. ಪರಿಹಾರಕ್ಕೆ ಶಾಂತಿ ಮಾಡಿಸುವ ದೋಷ ಅದು. ರಾಕೆಟ್ಟಿಗೆ ಅಂಟಿಸಿದಾಗ ಆ ನೆರಳೂ ಜೊತೆಗೆ ಬರುತ್ತದೆ. ಉಡಾವಣೆ ನಿಂತ ದಿನ ‘ಮುಹೂರ್ತ ಸರಿ ಇದ್ದಿಲ್ಲೇನೋ’ ಎಂಬ ಮಾತು ನಾನು ಕೇಳಿದ್ದೇನೆ, ಆ ಮಾತಿಗೆ ಪದವೂ ಒಂದಿಷ್ಟು ಕುಮ್ಮಕ್ಕು ಕೊಟ್ಟಿದೆ ಎಂದೇ ನನ್ನ ಗುಮಾನಿ.

‘ಅನಾಮಲಿ’ ಎನ್ನುವುದು ದೋಷವೇ ಅಲ್ಲ. ಅಂಕಿ ಗಡಿಯಾಚೆ ಹೋಗಿದೆ ಎಂಬ ಸುದ್ದಿ, ಅಷ್ಟೇ. ಕಾರಣ ಭಾಗದಲ್ಲಿರಬಹುದು, ಅಳೆಯುವ ಸಂವೇದಕದಲ್ಲೂ ಇರಬಹುದು. ಇದಕ್ಕೆ ‘ವೈಪರೀತ್ಯ’, ‘ಅಸಂಗತತೆ’ ಎಂದೆಲ್ಲ ಬರೆದದ್ದನ್ನು ಓದಿದ್ದೇನೆ. ವೈಪರೀತ್ಯ ಎಂದರೆ ಬರಗಾಲ, ಆಲಿಕಲ್ಲು ಮಳೆಯಷ್ಟು ದೊಡ್ಡದಾಗುತ್ತದೆ. ಅಸಂಗತತೆ ಯಾರಿಗೂ ತಿಳಿಯುವುದಿಲ್ಲ. ನನ್ನ ಆಯ್ಕೆ ‘ಏರುಪೇರು’. ಬಿ.ಪಿ. ಏರುಪೇರು, ವೋಲ್ಟೇಜ್ ಏರುಪೇರು ಎನ್ನುವವರಿಗೆ ಗಡಿ, ಅಳತೆ, ನಿಗಾ ಮೂರೂ ತಾನಾಗಿ ಅರ್ಥವಾಗುತ್ತವೆ. ಆಯುರ್ವೇದದಲ್ಲೂ ವಾತ ಪಿತ್ತ ಕಫಗಳು ಇರುವುದೇ ಕಾಯಿಲೆಯಲ್ಲ, ಅವುಗಳ ಏರುಪೇರು ಕಾಯಿಲೆ. 2024ರ ಡಿಸೆಂಬರ್ 4ರಂದು ಪಿಎಸ್‌ಎಲ್‌ವಿ-ಸಿ59 ನಿಂತದ್ದು ಹೀಗೆ. ರಾಕೆಟ್ ಸರಿಯಿತ್ತು, ಅದು ಹೊತ್ತಿದ್ದ ಯುರೋಪಿನ ಪ್ರೋಬಾ-3 ನೌಕೆಯಲ್ಲಿ ಏರುಪೇರು ಸಿಕ್ಕಿತು. ಮರುದಿನ ಸಂಜೆ 4.04ಕ್ಕೆ ಹಾರಿತು. ‘ರಾಕೆಟ್‌ನಲ್ಲಿ ದೋಷ’ ಎಂದು ಬರೆದಿದ್ದರೆ ಎರಡು ತಪ್ಪು.

ಹಾಗಾದರೆ ನಿಜವಾದ ಒಳಕೊರತೆಗೆ ಏನನ್ನಬೇಕು? ಅದಕ್ಕೆ ‘ದೋಷ’ ಉಳಿಯಲಿ, ಜೊತೆಗೆ ‘ಐಬು’ ಕೂಡ ಬರಲಿ. ಅರಬ್ಬಿಯಿಂದ ಬಂದು ನಮ್ಮ ಕಡೆ ಮನೆಮಾತಾದ ಪದ. ಸಂತೆಯಲ್ಲಿ ಎತ್ತು ಕೊಳ್ಳುವಾಗ ‘ಐಬು ಏನರ ಐತೇನು ನೋಡು’ ಅನ್ನುತ್ತಾರೆ. ಹೊರಗೆ ಕಾಣದ, ವಸ್ತುವಿನೊಳಗೇ ಇರುವ, ಕೊಳ್ಳುವ ಮುಂಚೆಯೇ ನೋಡಬೇಕಾದ ಕೊರತೆ ಅದು. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ-ಡಿ5 ಹಾರಲು 74 ನಿಮಿಷ ಇರುವಾಗ ಎರಡನೇ ಹಂತದಿಂದ ಇಂಧನ ಸೋರುವುದು ತಿಳಿದು ನಿಲ್ಲಿಸಿದರು. ಸೋರಿಕೆ ಹೊರಗಿನ ಗುರುತು ಮಾತ್ರ. ಟ್ಯಾಂಕಿಗೆ ಬಳಸಿದ ಅಲ್ಯೂಮಿನಿಯಂ ಮಿಶ್ರಲೋಹ ಒತ್ತಡವೂ ರಾಸಾಯನಿಕ ಸವೆತವೂ ಸೇರಿದಾಗ ಬಿರುಕು ಬಿಡುವ ಜಾತಿಯದು, ಐಬು ಇದ್ದದ್ದು ಅಲ್ಲಿ. ಬೇರೆ ಮಿಶ್ರಲೋಹದ ಟ್ಯಾಂಕ್ ಇರುವ ಹೊಸ ಹಂತವನ್ನು ಜೋಡಿಸಿ, 2014ರ ಜನವರಿ 5ರಂದು ಹಾರಿಸಿ ಗೆದ್ದರು. ಆಗಸ್ಟಿನಲ್ಲಿ ಸೋರಿಕೆಯನ್ನಷ್ಟೇ ಕಟ್ಟಿ ಬಿಟ್ಟಿದ್ದರೆ ಐಬು ಒಳಗೇ ಉಳಿಯುತ್ತಿತ್ತು. ಸೋರಿಕೆ, ಐಬು ಎಂಬ ಎರಡು ಮಾತು ಕೈಯಲ್ಲಿದ್ದರೆ ಇದನ್ನು ಎಂಟನೇ ತರಗತಿಗೆ ಸಲೀಸಾಗಿ ಹೇಳಬಹುದು.

‘ವೈಫಲ್ಯ’ವನ್ನು ಮಾತ್ರ ಆಗಿಹೋದ ಹಾನಿಗೆ ಮೀಸಲಿಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ನೀರಿನ ಜೊತೆ ಹೋದದ್ದು ವೈಫಲ್ಯ. ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರಿಗೆ ಆ ಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಣಿಕೆ ನಿಲ್ಲಿಸಿದ ರಾಕೆಟ್ಟಿಗೆ ಅದೇ ಪದ ಹಚ್ಚುವುದು ಅನ್ಯಾಯ.

‘ರದ್ದು’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಂದ್ರಯಾನ-2 ನಿಂತ ದಿನ ಇಸ್ರೋ ಹೇಳಿದ್ದು ‘ಇವತ್ತಿಗೆ ಇಲ್ಲ’ ಎಂದು. ರದ್ದಾದ ಬಸ್ಸು ಬರುವುದಿಲ್ಲ, ರದ್ದಾದ ಪರವಾನಗಿ ನಡೆಯುವುದಿಲ್ಲ. ‘ಉಡಾವಣೆ ತಡೆ’ ಅಥವಾ ‘ಮುಂದಕ್ಕೆ’ ಎಂದರೆ ತಲೆಬರಹಕ್ಕೂ ಹಿಡಿಸುತ್ತದೆ.

ಇನ್ನೊಂದು ಪದ ನೆನಪಾಯಿತು. 2025ರ ಜೂನ್ 11ಕ್ಕೆ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಹೋಗಬೇಕಿದ್ದ ಆಕ್ಸಿಯಂ-4 ಯಾನ ಫಾಲ್ಕನ್-9 ರಾಕೆಟ್ಟಿನ ದ್ರವ ಆಮ್ಲಜನಕ ಸೋರಿಕೆಯಿಂದ ನಿಂತಿತು. ಸರಿಪಡಿಸಿದ ಮೇಲೆ ಕಡಿಮೆ ಉಷ್ಣತೆಯಲ್ಲಿ ಸೋರಿಕೆ ಪರೀಕ್ಷೆ ಆಗಲೇಬೇಕು ಎಂದು ಇಸ್ರೋ ತಂಡ ಹೇಳಿತು. ಜೂನ್ 25ರಂದು ಹಾರಿದರು. ‘ಆಮ್ಲಜನಕ ಸೋರಿಕೆ’ ಎಂದಷ್ಟೇ ಓದಿದ ನಮ್ಮ ಮಕ್ಕಳು ಗಗನಯಾತ್ರಿಗಳ ಉಸಿರಿನ ಗಾಳಿಯೇ ಸೋರಿತು ಎಂದುಕೊಂಡರು. ಪಠ್ಯದ ‘ಉತ್ಕರ್ಷಕ’ ಸರಿಯಾದ ಪದ, ಆದರೆ ಪತ್ರಿಕೆಯಲ್ಲಿ ನಿಲ್ಲುವುದಿಲ್ಲ. ‘ಇಂಧನ ಉರಿಸುವ ಆಮ್ಲಜನಕ’ ಎಂದು ನಾನು ಬಳಸುತ್ತಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಬೇಕು.

ನನಗೆ ಪದವೇ ಸಿಗದ ಜಾಗ ಒಂದಿದೆ. ಮನುಷ್ಯರು ನಿಲ್ಲಿಸುವುದಲ್ಲ, ಯಂತ್ರವೇ ಲೆಕ್ಕ ನೋಡಿ ತನ್ನನ್ನು ನಿಲ್ಲಿಸಿಕೊಳ್ಳುವುದು. 2001ರ ಮಾರ್ಚ್ 28ರಂದು ಮೊದಲ ಜಿಎಸ್‌ಎಲ್‌ವಿ ಮೇಲೇಳಲು ಒಂದು ಸೆಕೆಂಡ್ ಇರುವಾಗ, ಪಕ್ಕದ ಎಂಜಿನ್ನೊಂದು ಸಾಕಷ್ಟು ನೂಕುಬಲ ಕೊಡದ್ದನ್ನು ಕಂಡು ಕಂಪ್ಯೂಟರ್ ಎಲ್ಲವನ್ನೂ ನಂದಿಸಿತು. ಏಪ್ರಿಲ್ 18ಕ್ಕೆ ಅದು ಹಾರಿತು. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ ಟಿವಿ-ಡಿ1, 5 ಸೆಕೆಂಡ್ ಇರುವಾಗ ಹಾಗೆಯೇ ನಿಂತು, ಕಾರಣ ಹುಡುಕಿ ಸರಿಮಾಡಿದ ಮೇಲೆ ಅದೇ ಬೆಳಗಿನ 10ಕ್ಕೆ ಹಾರಿತು. ಇದು ‘ಬಂದ್ ಬಿತ್ತು’ ಅಲ್ಲ, ‘ಬಂದ್ ಮಾಡಿದರು’ ಕೂಡ ಅಲ್ಲ. ‘ತಡೆದುಕೊಂಡಿತು’ ಎಂದು ಬರೆದು ನೋಡಿದೆ, ಸಿಟ್ಟು ತಡೆದುಕೊಂಡಂತೆ ಕೇಳಿಸುತ್ತದೆ. ವಿದ್ಯುತ್ ಕೇಂದ್ರಗಳಲ್ಲಿ ಇಂಥದಕ್ಕೇ ‘ಯೂನಿಟ್ ಟ್ರಿಪ್ ಆತು’ ಅನ್ನುತ್ತಾರೆ. ಶಕ್ತಿನಗರ, ಕುಡತಿನಿಗಳಲ್ಲಿ ಕೆಲಸ ಮಾಡಿದವರು, ಜಿಂದಾಲ್ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಟ್ರಿಪ್ ಆಗುವುದಕ್ಕೆ ನಿಮ್ಮ ಪಾಳಿಯ ಹಳಬರು ಕನ್ನಡದಲ್ಲಿ ಏನಾದರೂ ಅನ್ನುತ್ತಿದ್ದರೇ, ದಯವಿಟ್ಟು ತಿಳಿಸಿ. ಇಲ್ಲವಾದರೆ ಗೋಡೆಪತ್ರಿಕೆಯಲ್ಲಿ ‘ರಾಕೆಟ್ ಟ್ರಿಪ್ ಆಯಿತು’ ಎಂದೇ ಬರೆಯಿಸುತ್ತೇನೆ; ನಮ್ಮ ಮಕ್ಕಳಿಗೆ ಅದು ತಿಳಿಯುತ್ತದೆ.