ಮಳೆಗಾಲದ ಜ್ವರ, ಸೊಳ್ಳೆ: ಡಾಕ್ಟ್ರಲ್ಲಿ ಕೇಳಿ

ಪೆರ್ಲ: ಡಾಕ್ಟ್ರೇ, ಫಾಗಿಂಗ್ ಆಗಿ ಎರಡೇ ದಿನ, ಸೊಳ್ಳೆ ಮೊದಲಿನಷ್ಟೇ ಉಂಟು. ಯಾಕೆ?

ಡಾಕ್ಟ್ರು: ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರಲ್ಲಿರುವ ಹುಳಕ್ಕೆ ಏನೂ ಆಗುವುದಿಲ್ಲ. ಅಡಿಕೆ ಹಾಳೆಯ ಮಡಿಕೆಯಲ್ಲಿ ಒಂದು ಕುಡ್ತೆ ನೀರು ನಿಂತರೂ ಸಾಕು. ಟ್ಯಾಪಿಂಗ್ ನಿಲ್ಲಿಸಿದ ರಬ್ಬರಿನ ಗೆರಟೆ ಕವುಚಿ ಹಾಕಿ, ಫ್ರಿಜ್ಜಿನ ಹಿಂದಿನ ಟ್ರೇ ನೋಡಿ. ಡ್ರಮ್ಮಿನ ನೀರು ಚೆಲ್ಲಿದರೆ ಮುಗಿಯಲಿಲ್ಲ, ಒಳಬದಿ ತಿಕ್ಕಬೇಕು. ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತದೆ.

ಉಪ್ಪಳ: ಡೆಂಗಿಗೆ ಪಪ್ಪಾಯಿ ಎಲೆ ರಸ ಎಷ್ಟು ಚಮಚ ಸರ್?

ಡಾಕ್ಟ್ರು: ಬೇಡ.

ಬದಿಯಡ್ಕ: ಅಪ್ಪನಿಗೆ 68. ಡೆಂಗಿ, ಐದನೇ ದಿನ. ಬೆಳಿಗ್ಗೆ ಜ್ವರ ಬಿಟ್ಟಿತು, ಆದರೆ ಮೂರು ಸಲ ವಾಂತಿ, ಹೊಟ್ಟೆನೋವು. ಪ್ಲೇಟ್ಲೆಟ್ 92,000. ಪಿಸಿವಿ (ರಕ್ತದಲ್ಲಿ ಕೆಂಪುಕಣದ ಪಾಲು) ಮೊನ್ನೆ 40, ಇವತ್ತು 48. ನಾಳೆ ತೋರಿಸಿದರೆ ಸಾಕಾ?

ಡಾಕ್ಟ್ರು: ಸಾಲದು, ಈಗಲೇ ಹೊರಡಿ. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ್ದು. ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ದಪ್ಪವಾಗುತ್ತದೆ. ಪಿಸಿವಿ 40 ಇದ್ದದ್ದು 48 ಅಂದರೆ ಶೇ. 20 ಏರಿದೆ, ನನಗೆ ಪ್ಲೇಟ್ಲೆಟ್‌ಗಿಂತ ಅದರದ್ದೇ ಹೆದರಿಕೆ. ಮೇಲಿಂದ ವಾಂತಿ, ಹೊಟ್ಟೆನೋವು ಬೇರೆ. ರಾತ್ರಿಯೂ ಡಾಕ್ಟರಿದ್ದು, ಡ್ರಿಪ್ ಹಾಕಿ ಗಂಟೆಗಳ ಲೆಕ್ಕದಲ್ಲಿ ಪಿಸಿವಿ ನೋಡುವ ಆಸ್ಪತ್ರೆಯೇ ಆಗಬೇಕು. ಎರಡೂ ರಿಪೋರ್ಟು ಹಿಡಿದುಕೊಳ್ಳಿ. ಕೊನೆಗೆ ಮೂತ್ರ ಹೋದದ್ದು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ಹೃದಯಕ್ಕೆ ಆಸ್ಪಿರಿನ್ ತಿನ್ನುವವರಾದರೆ ಅಲ್ಲಿ ಮೊದಲು ಅದನ್ನೇ ಹೇಳಿ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಲೇಬೇಡಿ.

ಮಂಜೇಶ್ವರ: ಪ್ಲೇಟ್ಲೆಟ್ ಕೊಡುವವರನ್ನು ಈಗಲೇ ಹುಡುಕುವುದಾ?

ಡಾಕ್ಟ್ರು: 92,000ಕ್ಕೆ ಯಾರೂ ಹಾಕುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೆ 10,000ದ ಹತ್ತಿರ ಇಳಿದ ಮೇಲಿನ ಮಾತು ಅದು.

ಕುಂಬಳೆ: ಪಪ್ಪಾಯಿ ಎಲೆ ರಸದಲ್ಲೇ ನಮ್ಮಲ್ಲಿ ಒಬ್ಬರಿಗೆ ಪ್ಲೇಟ್ಲೆಟ್ ಏರಿದೆ. ಫಾರ್ವರ್ಡ್ ಹಾಕಿದ್ದೇನೆ, ಓದಿ.

ನೀರ್ಚಾಲು: ಕುಡಿಯದವರಿಗೂ ಏಳೆಂಟನೇ ದಿನಕ್ಕೆ ತನ್ನಷ್ಟಕ್ಕೇ ಏರುತ್ತದೆ ಭಾವ.

ಡಾಕ್ಟ್ರು: ವಾಂತಿ ಮಾಡುತ್ತಿರುವವರ ಬಾಯಿಗೆ ಆ ಕಹಿ ಹೊಯ್ಯಬೇಡಿ. ಫಾರ್ವರ್ಡ್ ಬರೆದವ ರಾತ್ರಿ ವಾರ್ಡಿಗೆ ಬರುವುದಿಲ್ಲ.

ಪೆರ್ಲ: ಸೊಳ್ಳೆ ಎಲ್ಲ ರಬ್ಬರ್ ಗುಡ್ಡೆಯಿಂದಲೇ ಬರುವುದು.

ಕುಂಬಳೆ: ನಿಮ್ಮ ಅಂಗಳದ ಹಾಳೆ ರಾಶಿ?

ಪೆರ್ಲ: ಅದು ಶೀಟಿನಡಿ ಉಂಟು. ಬಂದು ನೋಡಿ ಮಾತಾಡಿ.

ಉಪ್ಪಳ: ಬಾವಿಗೆ ಬಿಡಲು ಸೊಳ್ಳೆಹುಳ ತಿನ್ನುವ ಗಪ್ಪಿ ಮೀನು ಎಲ್ಲಿ ಸಿಗುತ್ತದೆ?

ಕುಂಬಳೆ: ಶೀಟು ಸೋರುವುದು ಊರಿಗೇ ಗೊತ್ತು.

ಮಂಜೇಶ್ವರ: ಜ್ವರ ಬಂದು ಎರಡು ದಿನ. ಡೆಂಗಿಯ ಐಜಿಎಂ (ಪ್ರತಿಕಾಯದ ಟೆಸ್ಟ್) ಮಾಡಿಸಲಾ?

ಡಾಕ್ಟ್ರು: ಎನ್‌ಎಸ್‌ ಒನ್ (ವೈರಸ್ಸಿನ ಅಂಶವನ್ನೇ ಹುಡುಕುವ ಟೆಸ್ಟ್) ಮಾಡಿಸಿ. ಐಜಿಎಂ ಐದು ದಿನ ಕಳೆದ ಮೇಲೆ. ಬದಿಯಡ್ಕದವರು ಹೊರಟರಾ?

ಉಪ್ಪಳ: ಎಲೆ ಬೇಡವಾದರೆ ಪಪ್ಪಾಯಿ ಹಣ್ಣು ಆದೀತಾ ಸರ್?