ಹೆಡ್ ಗ್ಯಾಸ್ಕೆಟ್ ಹಾಕಿದ ಮೇಲೆ ಆಯಿಲ್ ಬೆಳ್ಳಗಾಗಿದೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಸದಸ್ಯ 1: ಸರ್ ನಮಸ್ಕಾರ. ಹಳೇ ಪೆಟ್ರೋಲ್ ಕಾರು, 4 ಸಿಲಿಂಡರ್, ಅಲ್ಯೂಮಿನಿಯಂ ಹೆಡ್ (ಇಂಜಿನ್ನಿನ ಮೇಲ್ಭಾಗ), ಬೀಡುಕಬ್ಬಿಣದ ಬ್ಲಾಕ್ (ಅದರ ಕೆಳಗಿನ ಮುಖ್ಯ ಭಾಗ). ಮನೆಯಲ್ಲೇ ಹೆಡ್ ಗ್ಯಾಸ್ಕೆಟ್ (ಇವೆರಡರ ನಡುವಿನ ಸೀಲ್) ಬದಲಾಯಿಸಿದ್ದು. ಸ್ಟಾರ್ಟ್ ಆಗುತ್ತೆ. ಆದರೆ ಸ್ವಲ್ಪ ಹೊತ್ತಿಗೇ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಥರ ನೊರೆ, ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿಣುಕುತ್ತೆ. ಟಾರ್ಕ್ ರೆಂಚಿನಲ್ಲೇ (ತಿರುಗಿಸುವ ಬಲ, ಅಂದರೆ ಟಾರ್ಕ್, ಅಳೆಯುವ ಸ್ಪ್ಯಾನರ್) ಬಿಗಿಸಿದ್ದು. ಇನ್ನೊಂದು ಗ್ಯಾಸ್ಕೆಟ್ ಹಾಕಿದರೆ ಸಾಕಾ?

ಮೆಕ್ಯಾನಿಕ್: ನಮಸ್ಕಾರ. ಇನ್ನು ಸ್ಟಾರ್ಟ್ ಮಾಡಬೇಡಿ. ಮೂರು ವಿಷಯ ಹೇಳಿ. ಹೆಡ್ ಮುಖವನ್ನು ಯಾವುದರಿಂದ ಉಜ್ಜಿದಿರಿ? ಬೋಲ್ಟ್ ಹೊಸದೋ ಹಳೇದೋ? ಬ್ಲಾಕಿನ ಬೋಲ್ಟ್ ತೂತುಗಳು ಒಣಗಿದ್ದವಾ?

ಸದಸ್ಯ 2: ಸರ್, ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತೆ. ಗ್ಯಾಸ್ಕೆಟ್ ಹೋಗಿದೆಯಾ?

ಮೆಕ್ಯಾನಿಕ್: ಇಂಜಿನ್ ಬಿಸಿಯಾಗುತ್ತಲೇ ನಿಂತರೆ ಅದು ನೀರಾವಿ. ನಿಲ್ಲದೆ, ಕೂಲಂಟ್ (ಇಂಜಿನ್ ತಂಪಾಗಿಸುವ ರೇಡಿಯೇಟರ್ ನೀರು) ಕೂಡ ಕಮ್ಮಿಯಾಗ್ತಿದ್ದರೆ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ಸದಸ್ಯ 1: ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಉಜ್ಜಿದ್ದು. ಬೋಲ್ಟ್ ಹಳೇವೇ. ಸಲೀಸಾಗಿ ಇಳಿಯಲಿ ಅಂತ ತೂತುಗಳಿಗೆ ಆಯಿಲ್ ಬಿಟ್ಟಿತ್ತು. ಹಿಂದಿನ ಮೂಲೆಯ ಬೋಲ್ಟ್ ಮಾತ್ರ ಬೇರೆಯವಕ್ಕಿಂತ ಮೊದಲೇ ಬಿಗಿಯಾಯ್ತು, ಆಮೇಲೆ ಟಕ್ ಅಂತ ಸದ್ದು ಬಂದು ಸ್ವಲ್ಪ ಸಡಿಲಾಯ್ತು.

ಮೆಕ್ಯಾನಿಕ್: ಆ ಟಕ್ ಸದ್ದೇ ನನಗೆ ಭಯ. ಅನೇಕ ಬ್ಲಾಕ್‌ಗಳಲ್ಲಿ ಬೋಲ್ಟ್ ತೂತಿಗೆ ತಳ ಮುಚ್ಚಿರುತ್ತೆ. ತಳದಲ್ಲಿ ನಿಂತ ಆಯಿಲ್ ಅಥವಾ ನೀರು ಅದುಮಿದರೆ ಕುಗ್ಗಲ್ಲ, ಪಕ್ಕದ ಗೋಡೆಯನ್ನೇ ಒಡೆಯುತ್ತೆ. ಗೋಡೆಯ ಆಚೆ ವಾಟರ್ ಜಾಕೆಟ್ (ಬ್ಲಾಕಿನೊಳಗೆ ಕೂಲಂಟ್ ಹರಿಯುವ ಜಾಗ) ಇದ್ದರೆ ಕೂಲಂಟ್ ಬೋಲ್ಟಿನ ಥ್ರೆಡ್ ಹಿಡಿದು ಮೇಲೆ ಬಂದು ಆಯಿಲ್ ದಾರಿಗೆ ಸೇರಬಹುದು. ಗೋಡೆ ಒಡೆಯದಿದ್ದರೂ ತೊಂದರೆ ತಪ್ಪಲ್ಲ: ರೆಂಚ್ ತೋರಿಸಿದ ಬಿಗಿ ದ್ರವದ ಮೇಲೆ ಬಿದ್ದಿದೆ, ಗ್ಯಾಸ್ಕೆಟ್ ಮೇಲಲ್ಲ. ಥ್ರೆಡ್ ಕಿತ್ತು ಬಂದಿದ್ದರೂ ಅಂಥದೇ ಸದ್ದು ಬರುತ್ತೆ. ಹಳೇ ಬೋಲ್ಟ್ ಬೇರೆ. ಟಾರ್ಕ್ ಕೊಟ್ಟ ಮೇಲೆ 90 ಡಿಗ್ರಿ ಅಂತ ತಿರುಗಿಸುವ ಜಾತಿಯವಾದರೆ ಅವು ಹಿಗ್ಗುವ ಬೋಲ್ಟ್, ಸಾಮಾನ್ಯವಾಗಿ ಒಂದೇ ಸಲಕ್ಕೆ.

ಎಮರಿ ಡಿಸ್ಕ್ ಅಲ್ಯೂಮಿನಿಯಂನಲ್ಲಿ ಗುಳಿ ಮಾಡುತ್ತೆ. ಅದರ ಪುಡಿ ಆಯಿಲ್ ದಾರಿಗೆ ಇಳಿದರೆ ಬೇರಿಂಗ್‌ನ ಮೆತ್ತನೆ ಲೋಹದಲ್ಲಿ ಕೂತು, ಅದರೊಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಕೊರೆಯುತ್ತೆ. ಕೂಲಂಟ್ ಬೆರೆತ ಆಯಿಲ್ ಅಂತೂ ಬೇರಿಂಗ್‌ಗೆ ವಿಷ. ಆಯಿಲ್ ಒತ್ತಡದ ಲೈಟ್ ಮಿಣುಕುವುದು ಸೆನ್ಸರ್ ತಪ್ಪು ಅಂತ ಬಿಡಬೇಡಿ.

ಈಗ ರೇಡಿಯೇಟರ್‌ಗೆ ಪ್ರೆಶರ್ ಟೆಸ್ಟರ್ ಕೂರಿಸಿ. ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ, ಅದಕ್ಕಿಂತ ಹೆಚ್ಚು ಬೇಡ. ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಡ್ರೈನ್ ಬೋಲ್ಟ್ ಬಿಚ್ಚಿಟ್ಟು ಅರ್ಧ ಗಂಟೆ ನೋಡಿ. ಆಯಿಲ್ ಪೂರ್ತಿ ಇಳಿದ ಮೇಲೂ ನೀರು ತೊಟ್ಟಿಕ್ಕಿದರೆ ಒಳಗೆ ದಾರಿ ಆಗಿದೆ ಅಂತಲೇ.

ಸದಸ್ಯ 3: ಅಣ್ಣಾ, ಹೆಡ್ ಬಿಚ್ಚೋದ್ಯಾಕೆ? ನಮಗೆ ಬಂದ ಮೆಸೇಜ್: ಆಯಿಲ್‌ಗೆ ಅರ್ಧ ಲೀಟರ್ ಸೀಮೆಎಣ್ಣೆ ಬೆರೆಸಿ 15 ನಿಮಿಷ ಓಡಿಸಿ, ರೇಡಿಯೇಟರ್‌ಗೆ ಎರಡು ಮೊಟ್ಟೆಯ ಬಿಳಿಭಾಗ ಹಾಕಿ. ಎಲ್ಲ ಮುಚ್ಚಿಕೊಳ್ಳುತ್ತೆ.

ಮೆಕ್ಯಾನಿಕ್: ದಯವಿಟ್ಟು ಯಾರೂ ಮಾಡಬೇಡಿ. ಆಯಿಲ್ ಮೊದಲೇ ಕೆಟ್ಟಿದೆ. ಸೀಮೆಎಣ್ಣೆ ಅದನ್ನು ಇನ್ನೂ ತೆಳು ಮಾಡುತ್ತೆ, ಬೇರಿಂಗ್ ಲೋಹಕ್ಕೆ ಲೋಹ ಉಜ್ಜುತ್ತೆ. ಮೊಟ್ಟೆ ಬೆಂದು ಮೊದಲು ಮುಚ್ಚುವುದು ರೇಡಿಯೇಟರ್‌ನ ಸಣ್ಣ ಟ್ಯೂಬ್‌ಗಳನ್ನೇ.

ಸದಸ್ಯ 4: ಟಾರ್ಕ್ ರೆಂಚೇ ಬೇಡ. ಕೈ ಪಳಗಿದವರಿಗೆ ಸ್ಪ್ಯಾನರೇ ಸಾಕು.

ಸದಸ್ಯ 5: ಪಳಗಿದ ಕೈಗೂ ಥ್ರೆಡ್ ಘರ್ಷಣೆ ತಿಳಿಯಲ್ಲ. ಅದೇ ಟಾರ್ಕ್‌ಗೆ ಒಣ ಬೋಲ್ಟ್ ಕಮ್ಮಿ ಎಳೆಯುತ್ತೆ, ಆಯಿಲ್ ಸವರಿದ್ದು ಹೆಚ್ಚು. ಅದಕ್ಕೇ ಥ್ರೆಡ್ ಒಣಗಿರಬೇಕಾ, ಆಯಿಲ್ ಸವರಬೇಕಾ ಅಂತ ಮ್ಯಾನ್ಯುಯಲ್‌ನಲ್ಲಿ ಹೇಳಿರೋದು.

ಸದಸ್ಯ 4: ಮ್ಯಾನ್ಯುಯಲ್ ಓದಿದವರ ಗಾಡಿ ಕೆಡಲ್ವಾ? ಇಲ್ಲೇ ರೆಂಚ್ ಹಿಡಿದವರ ಬ್ಲಾಕ್ ಒಡೆದಿದೆಯಲ್ಲ.

ಸದಸ್ಯ 5: ಒಡೆದಿದ್ದರೆ ತೂತಿನ ಆಯಿಲ್‌ನಿಂದ, ರೆಂಚಿನಿಂದಲ್ಲ. ಮೇಲಿನ ಉತ್ತರ ಓದಿ ಮಾತಾಡಿ.

ಸದಸ್ಯ 4: ನಿಮ್ಮಿಂದ ಕಲಿಯಬೇಕಾಗಿಲ್ಲ.

ಸದಸ್ಯ 6: ಟಪ್ಪೆಟ್ ಗ್ಯಾಪ್ ಇಂಜಿನ್ ಬಿಸಿಯಿದ್ದಾಗ ಸೆಟ್ ಮಾಡಬೇಕಾ, ತಣ್ಣಗಿದ್ದಾಗಲಾ?

ಸದಸ್ಯ 7: ಸರ್, ಬಿಳಿ ಹೊಗೆಗೆ ಏನು ಮಾಡೋದು?

ಮೆಕ್ಯಾನಿಕ್: ಮೇಲೆ ಹೇಳಿದೆ.

ಸದಸ್ಯ 3: ನನ್ನ ಮೆಸೇಜ್ ಸುಳ್ಳು ಅನ್ನೋಕೆ ಪುರಾವೆ ಇದೆಯಾ? ಸಾವಿರಾರು ಜನ ಶೇರ್ ಮಾಡಿದ್ದಾರೆ.

ಮೆಕ್ಯಾನಿಕ್: ಶೇರ್ ಮಾಡಿದವರು ಬೇರಿಂಗ್ ಬಿಚ್ಚಿ ನೋಡಿರಲ್ಲ. ಅದನ್ನು ಇಲ್ಲಿ ಮತ್ತೆ ಹಾಕಬೇಡಿ.

ಸದಸ್ಯ 1: ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೊದಲು ಹಸಿರು ನೀರು ಬಂತು, ಆಮೇಲೆ ಆಯಿಲ್. ಒತ್ತಡ ಕೊಟ್ಟ ಮೇಲೆ ತೊಟ್ಟಿಕ್ಕುತ್ತಲೇ ಇದೆ.

ಮೆಕ್ಯಾನಿಕ್: ಹಾಗಾದರೆ ಹೆಡ್ ಇಳಿಸಲೇಬೇಕು. ಇಂಜಿನ್ ಪೂರ್ತಿ ತಣ್ಣಗಿರಲಿ. ಬೋಲ್ಟ್‌ಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದಕ್ಕೂ ಕಾಲು ಸುತ್ತಿನಂತೆ ಸಡಿಲಿಸಿ. ಹಿಂದಿನ ಮೂಲೆಯ ತೂತಿನ ಸುತ್ತ ಒರೆಸಿ, ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒದ್ದೆ ಗೆರೆ ಮೂಡುತ್ತೆ. ಗೆರೆ ಕಾಣದಿದ್ದರೂ ಬಿರುಕಿಲ್ಲ ಅಂತ ತೀರ್ಮಾನ ಮಾಡಬೇಡಿ, ಆಳದಲ್ಲಿ ಇರಬಹುದು, ಬ್ಲಾಕನ್ನು ಪ್ರೆಶರ್ ಟೆಸ್ಟ್ ಮಾಡಿಸಿ. ಹೆಡ್ ಮುಖದ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ಹಾಕಿ. 0.05 ಮಿ.ಮೀ. ಎಲೆ ಎಲ್ಲಾದರೂ ಸಲೀಸಾಗಿ ತೂರಿದರೆ ಮ್ಯಾನ್ಯುಯಲ್‌ನ ಮಿತಿ ನೋಡಿ ಫೇಸಿಂಗ್‌ಗೆ (ಯಂತ್ರದಲ್ಲಿ ಮುಖ ಸಮ ಮಾಡಿಸಲು) ಕೊಡಿ. ಮತ್ತೆ ಗ್ರೈಂಡರ್ ಹಿಡಿಯಬೇಡಿ. ಚೇಂಬರ್ ಇಳಿಸಿ ಒಂದು ಬಿಗ್ ಎಂಡ್ ಕ್ಯಾಪ್ (ಪಿಸ್ಟನ್ ರಾಡನ್ನು ಕ್ರ್ಯಾಂಕ್‌ಗೆ ಹಿಡಿದಿಡುವ ಮುಚ್ಚಳ) ಬಿಚ್ಚಿ, ಬೇರಿಂಗ್ ಫೋಟೋ ಇಲ್ಲಿ ಹಾಕಿ. ಕ್ಯಾಪ್ ಯಾವ ರಾಡಿನದು, ಯಾವ ಮುಖವಾಗಿತ್ತು ಅಂತ ಮೊದಲೇ ಗುರುತು ಮಾಡಿಕೊಳ್ಳಿ.

ಸದಸ್ಯ 2: ಸರ್, ನನ್ನ ಬಿಳಿ ಹೊಗೆ ಇನ್ನೂ ನಿಂತಿಲ್ಲ.

ಮೆಕ್ಯಾನಿಕ್: ಕೂಲಂಟ್ ಮಟ್ಟ ಎಷ್ಟಿದೆ ಅಂತ ನೀವಿನ್ನೂ ಹೇಳಿಲ್ಲ.